ಬೀಗ ನೋಡಿ ನಂಬಬೇಡಿ, ವಿಳಾಸ ಓದಿ

ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾಗ, ಚೆಕ್ ಕೈಗೆ ಬಂದರೆ ಮೊದಲು ತಾರೀಖು, ಮೊತ್ತ, ಸಹಿ ನೋಡುತ್ತಿದ್ದೆ. ಹಣ ಎಣಿಸುವುದು ಆಮೇಲೆ. ಬ್ರೌಸರಿನಲ್ಲೂ ಅದೇ ಕ್ರಮ: ಮೊದಲು ವಿಳಾಸ ಓದಿ, ಆಮೇಲೆ ಪಾಸ್‌ವರ್ಡ್ ಹಾಕಿ.

ವಿಳಾಸದ ಪಟ್ಟಿಯಲ್ಲಿ ಬೀಗದ ಚಿತ್ರ ಕಂಡರೆ ಸಾಕು ಎಂದು ಹಲವರು ನಂಬಿದ್ದಾರೆ. ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂಬುದಷ್ಟೇ ಬೀಗದ ಅರ್ಥ. ಆ ತುದಿಯಲ್ಲಿ ಕೂತವನು ಸಾಹುಕಾರನೋ ಕಳ್ಳನೋ ಅದು ಹೇಳದು. ಈ ಗೊಂದಲ ನೋಡಿಯೇ ಗೂಗಲ್ ಕ್ರೋಮ್ 2023ರಲ್ಲಿ ಬೀಗ ತೆಗೆದು ಬೇರೆ ಗುರುತು ಇಟ್ಟಿತು.

ವಿಳಾಸ ಓದುವುದು ಹೇಗೆ? ತಾಣದ ಹೆಸರು ಮುಗಿದು ಓರೆಗೆರೆ ಬರುವಲ್ಲಿಂದ ಹಿಂದಕ್ಕೆ ಓದಿ. 'ನಮ್ಮಬ್ಯಾಂಕ್ ಡಾಟ್ ಬಹುಮಾನ ಡಾಟ್ ಕಾಮ್' ಎಂದಿದ್ದರೆ ಅದರ ಯಜಮಾನ ಬ್ಯಾಂಕಲ್ಲ, 'ಬಹುಮಾನ'ದವನು!

ಇಂಥ ಮೋಸ ತಡೆಯಲೆಂದೇ ರಿಸರ್ವ್ ಬ್ಯಾಂಕು 2025ರಲ್ಲಿ ನಮ್ಮ ದೇಶದ ಬ್ಯಾಂಕುಗಳಿಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸ ಗೊತ್ತುಮಾಡಿತು. ಬ್ಯಾಂಕಲ್ಲದವರಿಗೆ ಅದು ಸಿಗದು.

ಏನಾದರೂ ಹುಡುಕಿದಾಗ ಮೇಲೆಯೇ 'ಸ್ಪಾನ್ಸರ್ಡ್' ಎಂದು ಬಂದರೆ ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಮೇಲಿದೆ ಎಂದ ಮಾತ್ರಕ್ಕೆ ಒತ್ತಬೇಡಿ. ಸರಿಯಾದ ತಾಣ ಸಿಕ್ಕ ದಿನವೇ ಬುಕ್‌ಮಾರ್ಕ್ ಮಾಡಿಕೊಂಡು, ಮುಂದೆ ಅಲ್ಲಿಂದಲೇ ಹೋಗಿ.

ಮಕ್ಕಳೇ, ಮನೆಯ ಅಜ್ಜ-ಅಜ್ಜಿಗೆ ಇದನ್ನು ನೀವೇ ತೋರಿಸಿಕೊಡಿ. ಅವರ ಪಿಂಚಣಿ ಹಣ ಉಳಿದೀತು. ಒಂದು ವೇಳೆ ಹಣ ಹೋದರೆ ಅವರನ್ನು ಬೈಯುತ್ತ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿಸಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.