ಪ್ರೋಟೀನ್ ಜಾಸ್ತಿ ಇದ್ರೆ ಒಳ್ಳೇದಾ?

ಡಬ್ಬಿ ಹಾಲಲ್ಲಿ, ಅಂದ್ರೆ ಫಾರ್ಮುಲಾದಲ್ಲಿ, ಎದೆಹಾಲಿಗಿಂತ ಪ್ರೋಟೀನ್ ಜಾಸ್ತಿ. ಹಾಗಾದ್ರೆ ಅದೇ ಮೇಲಾ? ಅಲ್ಲ!

ಲೆಕ್ಕ ನೋಡಿ. 100 ಮಿಲಿ ಎದೆಹಾಲಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ. ಕಲಸಿದ ಫಾರ್ಮುಲಾದಲ್ಲಿ ಸುಮಾರು 1.3ರಿಂದ 1.5. ಹಸುವಿನ ಹಾಲಲ್ಲಿ 3ಕ್ಕೂ ಹೆಚ್ಚು. ಕರು ಬೇಗ ಬೆಳೀಬೇಕು. ಕೂಸಿಗೆ ಆ ಅವಸರ ಇಲ್ಲ.

ಫಾರ್ಮುಲಾದಲ್ಲಿ ಯಾಕೆ ಹೆಚ್ಚು? ಅದನ್ನ ಸಾಮಾನ್ಯವಾಗಿ ಹಸುವಿನ ಹಾಲಿಂದ ಮಾಡ್ತಾರೆ. ಹಸುವಿನ ಹಾಲಿನ ಪ್ರೋಟೀನಲ್ಲಿ ಅಮೈನೋ ಆಮ್ಲಗಳ ಅಳತೆಯೇ ಬೇರೆ. ಕೂಸಿಗೆ ಯಾವುದೂ ಕಡಿಮೆ ಬೀಳದಿರಲಿ ಅಂತ ತುಸು ಹೆಚ್ಚು.

ಅತಿಯಾದರೆ? ಯುರೋಪಿನ 5 ದೇಶಗಳ ಅಧ್ಯಯನದಲ್ಲಿ, ಹೆಚ್ಚು ಪ್ರೋಟೀನಿನ ಫಾರ್ಮುಲಾ ಕುಡಿದವರಲ್ಲಿ 6ನೇ ವಯಸ್ಸಿಗೆ ಬೊಜ್ಜು ಹೆಚ್ಚಾಗಿ ಕಂಡಿತು.

ಮೊದಲ 6 ತಿಂಗಳು ಎದೆಹಾಲೇ ಸಾಕು. ಫಾರ್ಮುಲಾ ಬೇಕೇ ಬೇಕಾದ್ರೆ ಡಾಕ್ಟರನ್ನ ಕೇಳಿ. ಮಗು ದಪ್ಪ ಆಗ್ಲಿ ಅಂತ ಒಂದು ಚಮಚ ಪುಡಿ ಜಾಸ್ತಿ ಹಾಕ್ಬೇಡಿ!