ಒಡೆಯನ ಮುಖಕ್ಕೆ ನೀರೆರಚಿದ ದಾಸ

ಪಂಢರಾಪುರದಲ್ಲಿ ಒಂದಿರುಳು, ನೀರು ತಾರೆಂದು ಕೂಗಿದರೂ ಶಿಷ್ಯ ಅಪ್ಪಣ್ಣನು ತಡಮಾಡಿ ಬಂದನೆಂದು ಮುನಿದು, ಪಾತ್ರೆಯ ನೀರನ್ನು ಅವನ ಮುಖಕ್ಕೇ ಎರಚಿದ ಪುರಂದರದಾಸರು, ಅಪ್ಪಣ್ಣನು ರಾತ್ರಿಯೆಲ್ಲ ಗಾಢನಿದ್ರೆಯಲ್ಲಿದ್ದನೆಂದೂ ನೀರು ಹೊತ್ತು ತಂದವನು ಸಾಕ್ಷಾತ್ ವಿಠಲನೆಂದೂ ಬೆಳಗಾದ ಮೇಲೆ ಅರಿತರೆಂಬುದು ಹರಿಕಥೆಯವರಿಗೆ ಬಹು ಪ್ರಿಯವಾದ ಐತಿಹ್ಯ. ಸ್ವಾಮಿಯೇನೂ ಸುಮ್ಮನಿರಲಿಲ್ಲ, ದಾಸರ ವೇಷದಲ್ಲಿ ವೇಶ್ಯೆಯೊಬ್ಬಳ ಮನೆಗೆ ಹೋಗಿ ತನ್ನ ಕೈಯ ಚಿನ್ನದ ಕಡಗವನ್ನೇ ಕೊಟ್ಟುಬಂದನು. ಕಡಗ ಕಳುವಾಯಿತೆಂದು ಗುಲ್ಲೆದ್ದು, ದಾಸರನ್ನು ಗುಡಿಯ ಕಂಬಕ್ಕೆ ಬಿಗಿದು ಹೊಡೆದರು. ಆ ಕಂಬವನ್ನು ಇಂದಿಗೂ ತೋರಿಸುವರು. ಇದು ನಡೆದುದೋ ಕಟ್ಟಿದುದೋ ಎಂಬ ವಿಚಾರ ಪಂಡಿತರಿಗಿರಲಿ. ಆಳು ಅರಸನನ್ನು ದಂಡಿಸಿ, ಅರಸನು ಆಳಿನ ಮೇಲೆ ಕೀಟಲೆಯಿಂದ ಸೇಡು ತೀರಿಸಿಕೊಂಡ ಈ ಕಥೆಯನ್ನು ಭಕ್ತರೇ ಭಕ್ತರಿಗೆ ಹೇಳಿಕೊಂಡು ನಕ್ಕರಲ್ಲ, ಅದು ನನಗೆ ಮುಖ್ಯ.

ಈ ಸಲಿಗೆ ಎಲ್ಲಿಂದ ಬಂದಿತು? ಹನ್ನೆರಡನೆಯ ಶತಮಾನದ ಶರಣರು ತಮ್ಮನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಭಾವಿಸಿದವರು. ಪತಿಯೊಡನೆ ಸತಿ ಮುನಿಯುವುದು ಲೋಕರೂಢಿಯಾದುದರಿಂದ ಅವರ ವಚನಗಳಲ್ಲಿ ಒಡೆಯನನ್ನು ತರಾಟೆಗೆ ತೆಗೆದುಕೊಳ್ಳುವ ಧೈರ್ಯ ಸಹಜವಾಗಿ ಬಂದಿತು. ಮುಳುಬಾಗಿಲಿನ ಹರಿದಾಸ ಶ್ರೀಪಾದರಾಜರ ಕಾಲವನ್ನು ದಾಟಿ ಪುರಂದರರವರೆಗೆ ಬಂದರೆ, ಆ ಧೈರ್ಯಕ್ಕೆ ಲೇವಾದೇವಿಗಾರನ ನಾಲಗೆಯೂ ದೊರಕಿತು. ಪೂರ್ವಾಶ್ರಮದಲ್ಲಿ ಶ್ರೀನಿವಾಸ ನಾಯಕನೆಂಬ ಸಾಹುಕಾರನಾಗಿದ್ದವರಿಗೆ ಬಾಕಿದಾರನನ್ನು ಕೇಳುವ ರೀತಿ ಗೊತ್ತಿತ್ತು. ನೀನೂ ಬೇಡ, ನಿನ್ನ ಉಪಕಾರವೂ ಬೇಡ, ನಿನ್ನ ನಾಮವೊಂದಿದ್ದರೆ ಸಾಕೆಂದು ದೇವರ ಎದುರಿಗೇ ಹೇಳಿ, ಪ್ರಹ್ಲಾದ, ದ್ರೌಪದಿ, ಅಜಾಮಿಳರನ್ನು ಸಾಕ್ಷಿಗೆ ಕರೆಯುವ ಅವರ ಕೀರ್ತನೆಯಲ್ಲಿ ಉದ್ಧಟತನವೇ ಶರಣಾಗತಿಯ ಉಡುಪನ್ನು ತೊಟ್ಟಿದೆ. ಹೊರಗಿನವನು ಇದೇ ಮಾತನ್ನಾಡಿದರೆ ಬೈಗುಳವಾಗುತ್ತಿತ್ತು. ಪಾದ ಹಿಡಿದವನು ಆಡಿದ್ದರಿಂದ ನಿಂದಾಸ್ತುತಿಯಾಯಿತು. ದಾಸರು 1564ರಲ್ಲಿ ತೀರಿಕೊಂಡರು.

ಇಂಥದೇ ಸಲಿಗೆಯ ಮಾತು ಇಂದು ದೂರದೇಶದಲ್ಲಿಯೂ ಉಂಟು. ಅಮೆರಿಕದ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಪ್ರಾಂತಗಳಲ್ಲಿ ಕ್ರೈಸ್ತಪೂರ್ವ ಯೂರೋಪಿನ ದೇವತೆಗಳನ್ನು ಮರಳಿ ಪೂಜಿಸುವ ಪೇಗನ್ ಪಂಥದವರಿದ್ದಾರೆ. ಒಬ್ಬರು ಆಳುವವರು, ಒಬ್ಬರು ಅಡಿಯಾಳು ಎಂದು ಇಬ್ಬರೂ ಒಪ್ಪಿ ನಡೆಸುವ ದಾಂಪತ್ಯದಲ್ಲಿ ತುಂಟ ಅವಿಧೇಯತೆಗೂ ಪೂಜ್ಯಸ್ಥಾನವುಂಟೆಂಬ ಮಾತು ಅಂಥ ವಲಯಗಳಿಂದ ಹೊಸ ದರ್ಶನವೆಂಬಂತೆ ಕೇಳಿಬಂದಾಗ, ಅದೇ ನಗರಗಳ ಅಂಚಿನಲ್ಲಿ ನಮ್ಮವರು ಕಟ್ಟಿರುವ ಗುಡಿಗಳು ನೆನಪಾಗುತ್ತವೆ. ಹ್ಯೂಸ್ಟನ್ನಿನ ಬಳಿಯ ಪಿಯರ್‌ಲ್ಯಾಂಡಿನಲ್ಲಿ ನೆಲೆಸಿದವಳು ಮೀನಾಕ್ಷಿ: ದಿಗ್ವಿಜಯಕ್ಕೆ ಹೊರಟು ಕೈಲಾಸದವರೆಗೆ ಯುದ್ಧಮಾಡಿ, ಶಿವನ ಎದುರಿಗೆ ನಿಂತೊಡನೆ ಲಜ್ಜೆಗೊಂಡ ರಾಣಿ. ಆಕೆಯ ಮೂಲಸ್ಥಾನವಾದ ಮಧುರೆಯಲ್ಲಿ ವರ್ಷದ ನಾಲ್ಕು ತಿಂಗಳು ಆಕೆಯದೇ ರಾಜ್ಯಭಾರ, ಉಳಿದ ಎಂಟು ಗಂಡನದು. ಯುದ್ಧದ ಆಟವೋ ಪ್ರತಿವರ್ಷವೂ ನಡೆಯತಕ್ಕದ್ದು. ಆಸ್ಟಿನ್ನಿನ ಹೊರಗೆ 1990ರಲ್ಲಿ ಸ್ಥಾಪಿತವಾದ ರಾಧಾಮಾಧವ ಕ್ಷೇತ್ರಕ್ಕೆ ಮೊದಲಿದ್ದ ಹೆಸರು ಬರ್ಸಾನಾ ಧಾಮ. ವ್ರಜಭೂಮಿಯ ಬರ್ಸಾನೆಯೆಂದರೆ ಹೋಳಿಯ ಸಂದರ್ಭದಲ್ಲಿ ನಂದಗ್ರಾಮದ ಗಂಡಸರನ್ನು ಹೆಂಗಸರು ಲಾಠಿಯಿಂದ ಬಡಿಯುವ, ಗಂಡಸರು ಗುರಾಣಿ ಹಿಡಿದು ನಗುತ್ತ ಸಹಿಸುವ ಊರು. ಡಲ್ಲಾಸಿನ ಉತ್ತರಕ್ಕೆ ಫ್ರಿಸ್ಕೊದಲ್ಲಿ ಮಾತ್ರ ಎದುರಾಡದ ದಾಸನಾದ ಹನುಮಂತನ ಗುಡಿಯಿದೆ. ಯಜಮಾನರಿಗೆ ಇಂಥ ಸೇವಕನೇ ಹೆಚ್ಚು ಒಪ್ಪುವನೆಂಬುದು ನನ್ನ ಗುಮಾನಿ.

ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ಸಂಘಟನೆಯ ಮೊದಲನೆಯ ವಿಶ್ವ ಕನ್ನಡ ಸಮ್ಮೇಳನ 2000ದಲ್ಲಿ ನಡೆದುದು ಹ್ಯೂಸ್ಟನ್ನಿನಲ್ಲಿ. 2018ರಲ್ಲಿ ಅದು ಡಲ್ಲಾಸಿಗೆ ಬಂದಿತು. ಅಷ್ಟು ದೂರ ಕನ್ನಡವನ್ನು ಹೊತ್ತವರು ದಾಸರನ್ನು ಬಿಟ್ಟುಹೋಗಿಲ್ಲ, ನಿಜ. ಆದರೆ ಅಲ್ಲಿಯೂ, ಬೆಂಗಳೂರಿನಲ್ಲಿಯೂ, ನಾನು ಕೇಳಿದಷ್ಟರಮಟ್ಟಿಗೆ ಮಕ್ಕಳ ಕಂಠದಲ್ಲಿರುವುದು ಸಂಗೀತದ ಮೊದಲ ಪಾಠಗಳಾದ ಸರಳೆ, ಪಿಳ್ಳಾರಿ ಗೀತೆ, ಶುಕ್ರವಾರದ ಲಕ್ಷ್ಮಿಯ ಸ್ವಾಗತ, ಇಷ್ಟೇ. ದೇವರನ್ನು ಕಳ್ಳನೆಂದೂ ಜಿಪುಣನೆಂದೂ ಜರೆದ ಪದಗಳು ಪುಸ್ತಕದಲ್ಲಿ ಭದ್ರವಾಗಿವೆ. ಸಂಗೀತದ ಟೀಚರನ್ನು ಕೇಳಿದರೆ ರಾಗ ಕಷ್ಟವೆನ್ನುವರು. ರಾಗವೇನೂ ಕಷ್ಟವಲ್ಲ, ನಿತ್ಯವೂ ವಿಧೇಯತೆಯನ್ನು ಬೋಧಿಸುವ ತಂದೆತಾಯಿಗಳ ಮುಂದೆ ಮಗುವು ಆ ಪದವನ್ನು ಹಾಡಿ, ದಾಸರು ಬೈಯಬಹುದಾದರೆ ನಾನೇಕೆ ಬೈಯಬಾರದೆಂದು ಕೇಳಿಬಿಟ್ಟೀತೆಂಬ ಅಂಜಿಕೆಯೇ ಹೆಚ್ಚಿನದಿರಬೇಕು.