ಸುಂಟರಗಾಳಿಯ ಬಲವನ್ನು ಅಳೆಯುವ ಕ್ರಮ

ಕನ್ನಡದಲ್ಲಿ ಸುಂಟರಗಾಳಿ ಎಂಬ ಮಾತು ಬೇಸಗೆಯ ಬಯಲಿನಲ್ಲಿ ತರಗೆಲೆಯನ್ನು ಸುತ್ತಿಸುವ ಸಣ್ಣ ಗಾಳಿಗೂ ಸಲ್ಲುತ್ತದೆ. ಮನೆಯನ್ನು ಬುಡಸಹಿತ ಕಿತ್ತೊಯ್ಯುವ ‘ಟಾರ್ನೆಡೋ’ವಿಗೂ ಸಲ್ಲುತ್ತದೆ. ಇಲ್ಲಿ ವಿಚಾರಿಸತಕ್ಕದ್ದು ಎರಡನೆಯದನ್ನು. ಇದು ಗುಡುಗುಮೋಡದ ತಳದಿಂದ ನೆಲದವರೆಗೆ ಇಳಿದು ತಿರುಗುವ ಗಾಳಿಯ ಕಂಬ. ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುವಣ ಬಯಲುಸೀಮೆಯಲ್ಲಿ ಇದರ ಹಾವಳಿ ಹೆಚ್ಚು.

ಗಾಳಿಯ ವೇಗವನ್ನು ಅಳೆಯಲು ಯಂತ್ರಗಳುಂಟು. ಆದರೆ ಸುಂಟರಗಾಳಿಯ ಹಾದಿ ಕಿರಿದು, ಆಯುಸ್ಸು ಅಲ್ಪ. ಅದು ಯಂತ್ರವಿದ್ದೆಡೆಗೆ ಬರುವುದು ಅಪೂರ್ವ. ಬಂದರೆ ಯಂತ್ರವು ಉಳಿಯುವುದು ಇನ್ನೂ ಅಪೂರ್ವ. ಆದುದರಿಂದ ಅದು ಬಿಟ್ಟುಹೋದ ಹಾನಿಯನ್ನು ಪರೀಕ್ಷಿಸಿ ಬಲವನ್ನು ನಿರ್ಣಯಿಸುವುದೇ ಮಾರ್ಗವಾಯಿತು. ಕಾರ್ಯದಿಂದ ಕಾರಣವನ್ನು ತಿಳಿಯುವ ಈ ಬಗೆಗೆ ನ್ಯಾಯಶಾಸ್ತ್ರದಲ್ಲಿ ‘ಶೇಷವತ್’ ಅನುಮಾನವೆಂದು ಹೆಸರು. ತುಂಬಿದ ಹೊಳೆಯನ್ನು ಕಂಡು ಮೇಲೆ ಮಳೆಯಾಯಿತೆಂದು ತಿಳಿಯುವುದು ಅದರ ಪ್ರಸಿದ್ಧ ದೃಷ್ಟಾಂತ.

ಈ ಅನುಮಾನಕ್ಕೆ ಒಂದು ಶ್ರೇಣಿಯನ್ನು ಕಲ್ಪಿಸಿದವರು ಜಪಾನಿನಲ್ಲಿ ಹುಟ್ಟಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಟೆಟ್ಸುಯಾ ಫುಜಿಟ (1920–1998). ನಾವಿಕರು ಬಳಸುವ ಬೋಫರ್ಟ್ ಮಾನದ ಹನ್ನೆರಡನೆಯ ಅಂಕಕ್ಕೂ ಶಬ್ದದ ವೇಗಕ್ಕೂ ನಡುವಣ ಅಂತರವನ್ನು ಅವರು 1971ರಲ್ಲಿ ದರ್ಜೆಗಳಾಗಿ ವಿಭಾಗಿಸಿದರು. ವ್ಯವಹಾರದಲ್ಲಿ ನಿಂತವು ‘ಎಫ್ 0’ ಮೊದಲಾಗಿ ‘ಎಫ್ 5’ರ ವರೆಗಿನ ಆರು. ಕೊನೆಯದಕ್ಕೆ ಹೇಳಿದ್ದ ವೇಗ ಗಂಟೆಗೆ 261ರಿಂದ 318 ಮೈಲಿ. ಈ ಮಾನದ ಕೊರತೆ ಕಟ್ಟಡಗಳ ತಾರತಮ್ಯದಲ್ಲಿತ್ತು. ದುರ್ಬಲವಾದ ಮನೆ ಸಾಧಾರಣ ಗಾಳಿಗೂ ನೆಲಸಮವಾಗುವುದರಿಂದ, ಬೀಳುವಿಕೆಯೊಂದೇ ಬಲಕ್ಕೆ ಸಾಕ್ಷಿಯಾಗಲಾರದು.

ಇದನ್ನು ತಿದ್ದಿದ ‘ಈಎಫ್’ ಮಾನವು 2007ನೆಯ ಫೆಬ್ರವರಿ 1ರಿಂದ ಅಮೆರಿಕದಲ್ಲಿ ಜಾರಿಗೆ ಬಂದಿತು. ಇದರಲ್ಲಿ ಮನೆ, ಶಾಲೆ, ಮರ ಮೊದಲಾದ 28 ಸೂಚಕಗಳಿವೆ. ಒಂದೊಂದಕ್ಕೂ ಹಾನಿಯ ಹಲವು ಮೆಟ್ಟಿಲುಗಳಿವೆ. ವಾಸದ ಮನೆಯನ್ನೇ ನೋಡಬಹುದು. ಅದರ ಹತ್ತನೆಯ ಮೆಟ್ಟಿಲಿನಲ್ಲಿ ಮನೆಯೆಲ್ಲ ಹಾರಿಹೋಗಿ ತಳದ ಗಾರೆಗಟ್ಟು ಮಾತ್ರ ಬರಿದಾಗಿ ಉಳಿಯುತ್ತದೆ. ಇದಕ್ಕೆ ನಿರೀಕ್ಷಿತ ವೇಗ 200 ಮೈಲಿ. ಆದರೆ ಗೋಡೆಯನ್ನು ತಳಪಾಯಕ್ಕೆ ಬಿಗಿದ ಬೋಲ್ಟುಗಳು ಸರಿಯಿಲ್ಲದಿದ್ದರೆ ಪರೀಕ್ಷಕರು 165 ಮೈಲಿಯವರೆಗೂ ಇಳಿಸಬಹುದು, ಕಟ್ಟಡವು ಅಸಾಧಾರಣ ದೃಢವಾಗಿದ್ದರೆ 220ರ ವರೆಗೂ ಏರಿಸಬಹುದು. ‘ಈಎಫ್ 0’ 65 ಮೈಲಿಗೆ ಮೊದಲಾಗುತ್ತದೆ. 200 ಮೈಲಿಯನ್ನು ಮೀರಿದುದು ‘ಈಎಫ್ 5’.

ಅನುಮಾನವೂ ಪ್ರತ್ಯಕ್ಷವೂ ಒಂದನ್ನೊಂದು ವಿರೋಧಿಸಿದರೆ ಏನು ಮಾಡತಕ್ಕದ್ದು? 2013ನೆಯ ಮೇ 31ರಂದು ಓಕ್ಲಹೋಮ ಸಂಸ್ಥಾನದ ಎಲ್ ರೀನೋ ಬಳಿ 2.6 ಮೈಲಿ ಅಗಲದ ಸುಂಟರಗಾಳಿಯೆದ್ದಿತು. ಸಂಚಾರಿ ರೇಡಾರುಗಳು ಅದರಲ್ಲಿ ಸುಮಾರು 300 ಮೈಲಿ ವೇಗವನ್ನು ಕಂಡುವು. ಆದರೆ ಅದು ಹಾದುಹೋದದ್ದು ಬಹುತೇಕ ಬಯಲಿನ ಮೇಲೆ. ಅಷ್ಟು ಬಲವನ್ನು ಸಾರುವ ಕಟ್ಟಡಗಳು ಅಲ್ಲಿರಲಿಲ್ಲ. ಮೊದಲು ಕೊಟ್ಟ ‘ಈಎಫ್ 5’ನ್ನು ಹಿಂದೆಗೆದು, ಹಾನಿಯ ಆಧಾರದಿಂದ ‘ಈಎಫ್ 3’ ಎಂದು ನಿಶ್ಚಯಿಸಲಾಯಿತು.

ಹೀಗೆ ನಿಶ್ಚಯಿಸಿದುದು ಹಟದಿಂದಲ್ಲ. ರೇಡಾರಿನ ಕಣ್ಣಿಗೆ ಬೀಳುವ ಸುಂಟರಗಾಳಿಗಳು ಕೆಲವೇ. ಮೇಲಾಗಿ ರೇಡಾರು ಕಾಣುವುದು ನೆಲಕ್ಕಿಂತ ಮೇಲಿನ ಗಾಳಿಯನ್ನು. ಕೆಲವನ್ನು ಒಂದು ಅಳತೆಯಿಂದಲೂ ಉಳಿದುವನ್ನು ಮತ್ತೊಂದರಿಂದಲೂ ಅಳೆದರೆ, ವರ್ಷ ವರ್ಷಗಳ ದಾಖಲೆಗಳನ್ನು ಹೋಲಿಸಲಾಗದು. ಆದರೆ ಇದರ ಫಲವನ್ನೂ ಮರೆಯಬಾರದು. 2013ನೆಯ ಮೇ 20ರ ಮೂರ್ ಪಟ್ಟಣದ ಅನಾಹುತದ ತರುವಾಯ ಹನ್ನೆರಡು ವರ್ಷ ಯಾವುದೂ ‘ಈಎಫ್ 5’ ಎನಿಸಲಿಲ್ಲ. 2025ನೆಯ ಜೂನ್ 20ರಂದು ಉತ್ತರ ಡಕೋಟದ ಎಂಡರ್ಲಿನ್ ಬಳಿ ಬೀಸಿದುದಕ್ಕೆ ಆ ದರ್ಜೆ ದೊರೆತದ್ದು, ರೈಲಿನ ಡಬ್ಬಿಗಳನ್ನು ಎತ್ತಿ ಎಸೆಯಲು ಬೇಕಾದ ವೇಗವನ್ನು ಗಣಿಸಿದ ಮೇಲೆ. ಹಳಿಯ ಮೇಲೆ ರೈಲಿಲ್ಲದಿದ್ದರೆ ಆ ಬಲಕ್ಕೆ ಅಲ್ಲಿ ಆ ಸಾಕ್ಷ್ಯವೇ ಇರುತ್ತಿರಲಿಲ್ಲ. ಆದಕಾರಣ ಪಟ್ಟಿಯಲ್ಲಿ ಕಾಣುವ ದರ್ಜೆಯನ್ನು ಗಾಳಿಯ ಪೂರ್ಣ ಬಲವೆಂದು ಓದದೆ, ದೊರೆತ ಸಾಕ್ಷ್ಯವು ಸಮರ್ಥಿಸುವಷ್ಟು ಬಲವೆಂದು ಓದುವುದು ಯುಕ್ತ.